ಒಕ್ಕೂಟ ಹಿಗ್ಗುವಾಗ ಎದುರಾಗುವ ತೊಡಕುಗಳು: ಯುರೋಪಿನ ಪಾಠಕ್ಕೆ ನಮ್ಮ ಗಡಿನಾಡಿನ ಉದಾಹರಣೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಪ್ರಾದೇಶಿಕ ಸಹಕಾರ ಸಂಘಟನೆಗಳ ವಿಷಯ ಬಂದಾಗ ಯುರೋಪಿಯನ್ ಒಕ್ಕೂಟದ ಪ್ರಸ್ತಾಪ ಬರುತ್ತದೆ. ಬೋಧನಾಭ್ಯಾಸದ ತರಗತಿಗಳಲ್ಲಿ ಈ ಭಾಗ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸ್ಥಾಪನೆಯ ವರ್ಷ, ಕೇಂದ್ರ ಕಚೇರಿ, ಸದಸ್ಯ ರಾಷ್ಟ್ರಗಳ ಸಂಖ್ಯೆ, ನಾಣ್ಯದ ಹೆಸರು ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದರೆ ಪಾಠಯೋಜನೆಯ ಕಲಿಕಾಂಶ ಪೂರ್ಣವಾದಂತೆ. ಆದರೆ ಒಬ್ಬ ವಿದ್ಯಾರ್ಥಿ ಎದ್ದುನಿಂತು, “ಇಷ್ಟು ಒಳ್ಳೆಯ ಒಕ್ಕೂಟವಾದರೆ ಸೇರಬೇಕೆಂದು ಕೇಳಿದವರನ್ನೆಲ್ಲ ಯಾಕೆ ಸೇರಿಸಿಕೊಳ್ಳುವುದಿಲ್ಲ?” ಎಂದು ಕೇಳಿದರೆ ಆ ನಾಲ್ಕು ಸಂಗತಿಗಳಲ್ಲಿ ಒಂದೂ ನೆರವಿಗೆ ಬರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ವಿಟ್ಲ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳ ಮಕ್ಕಳು ಬ್ರಸೆಲ್ಸ್‌ವರೆಗೆ ಹೋಗಬೇಕಾಗಿಲ್ಲ. ಅವರು ಇಂದು ವಾಸಿಸುವ ರಾಜ್ಯವೇ 1956ರಲ್ಲಿ ಒಮ್ಮೆ ಹಿಗ್ಗಿದ ರಾಜ್ಯ. ಆಗ ಸೇರಿಸಿಕೊಳ್ಳುವವರಿಗೆ ಒಂದು ಬಗೆಯ ಅಂಜಿಕೆ, ಸೇರುವವರಿಗೆ ಇನ್ನೊಂದು ಬಗೆಯ ಅಂಜಿಕೆ ಇತ್ತು. ಗೆರೆಯ ಆಚೆ ಉಳಿದವರಿಗೆ ನೋವಿತ್ತು. ಹೊಸಬರನ್ನು ಒಳಗೆ ಬಿಡುವುದಕ್ಕಿಂತ, ಬಿಟ್ಟ ಮೇಲೆ ಖರ್ಚು, ಕಾನೂನು, ಅಧಿಕಾರ, ಗಡಿ ಎಂಬ ನಾಲ್ಕನ್ನು ಹಂಚಿಕೊಳ್ಳುವುದು ಕಷ್ಟ. ವಿಸ್ತರಣೆಯ ಪಾಠದ ತಿರುಳು ಇದು. ಪ್ರಶಿಕ್ಷಣಾರ್ಥಿಗಳು ಈ ನಾಲ್ಕನ್ನು ಯುರೋಪ್ ಮತ್ತು ಕರ್ನಾಟಕಗಳಲ್ಲಿ ಜೋಡಿಯಾಗಿ ಕಲಿಸುವುದು ಹೇಗೆಂದು ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯ ಸ್ಪಷ್ಟನೆ: ಎರಡು ವಿಸ್ತರಣೆಗಳು

ಯುರೋಪಿನ ಕಥೆ ಕಲ್ಲಿದ್ದಲು ಮತ್ತು ಉಕ್ಕಿನಿಂದ ಆರಂಭವಾಯಿತು. ಎರಡನೇ ಮಹಾಯುದ್ಧದ ಬಳಿಕ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಎಂಬ ಆರು ದೇಶಗಳು 1951ರ ಪ್ಯಾರಿಸ್ ಒಪ್ಪಂದದ ಮೂಲಕ ಈ ಎರಡು ಸರಕುಗಳನ್ನು ಸಮಾನ ಆಡಳಿತಕ್ಕೆ ಒಳಪಡಿಸಿದವು. 1957ರ ರೋಮ್ ಒಪ್ಪಂದ ಅದನ್ನು ಸಮಾನ ಮಾರುಕಟ್ಟೆಯಾಗಿ ಬೆಳೆಸಿತು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿದವು. 1981ರಲ್ಲಿ ಗ್ರೀಸ್, 1986ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್, 1995ರಲ್ಲಿ ಆಸ್ಟ್ರಿಯಾ, ಫಿನ್ಲೆಂಡ್ ಮತ್ತು ಸ್ವೀಡನ್ ಸೇರಿದವು. 2004ರಲ್ಲಿ ಒಂದೇ ದಿನ ಹತ್ತು ದೇಶಗಳು ಒಳಬಂದವು. 2007ರಲ್ಲಿ ಬಲ್ಗೇರಿಯಾ ಮತ್ತು ರೊಮೇನಿಯಾ, 2013ರಲ್ಲಿ ಕ್ರೊಯೇಷಿಯಾ ಬಂದವು. 2020ರಲ್ಲಿ ಬ್ರಿಟನ್ ಹೊರಹೋದ ಮೇಲೆ ಸದಸ್ಯರ ಸಂಖ್ಯೆ 27. ಯುರೋಪಿಯನ್ ಒಕ್ಕೂಟ ಎಂಬ ಹೆಸರು ಜಾರಿಗೆ ಬಂದದ್ದು 1993ರ ನವೆಂಬರ್ 1ರಂದು. ಆ ದಿನಾಂಕ ನಮ್ಮ ಮಕ್ಕಳಿಗೆ ಬೇರೆ ಕಾರಣಕ್ಕೆ ಬಾಯಿಪಾಠವಾಗಿರುವುದರಿಂದ ತರಗತಿಯಲ್ಲಿ ಅದನ್ನು ನೆನಪಿಸಬಹುದು.

ನಮ್ಮ ನವೆಂಬರ್ 1 1956ನೇ ಇಸವಿಯದು. ಅದಕ್ಕೆ ಮೊದಲು ಕನ್ನಡ ಮಾತಾಡುವ ಜನ ಮುಖ್ಯವಾಗಿ ಐದು ಆಡಳಿತಗಳಲ್ಲಿ ಹರಡಿದ್ದರು. ಒಂಬತ್ತು ಜಿಲ್ಲೆಗಳ ಮೈಸೂರು ರಾಜ್ಯಕ್ಕೆ 1953ರ ಅಕ್ಟೋಬರ್ 1ರಂದು ಮದರಾಸಿನ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಸೇರಿದವು. 1956ರಲ್ಲಿ ಮುಂಬಯಿ ರಾಜ್ಯದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ; ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ್; ಮದರಾಸಿನಿಂದ ಕಾಸರಗೋಡು ತಾಲ್ಲೂಕು ಬಿಟ್ಟು ಉಳಿದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ; ಜತೆಗೆ ಕೊಡಗು ಸೇರಿ ರಾಜ್ಯ ಹತ್ತೊಂಬತ್ತು ಜಿಲ್ಲೆಗಳದ್ದಾಯಿತು. ಬೆಳಗಾವಿ, ಬೀದರ್, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಕೆಲವು ತಾಲ್ಲೂಕುಗಳು ನೆರೆ ರಾಜ್ಯಗಳಿಗೆ ಹೋದವು. ಎಸ್. ನಿಜಲಿಂಗಪ್ಪನವರು ವಿಸ್ತೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಮೊದಲ ತೊಡಕು: ಖರ್ಚು ಯಾರದು?

ಏಕೀಕರಣವೆಂದರೆ ಎಲ್ಲ ಕನ್ನಡಿಗರೂ ಒಂದೇ ದನಿಯಲ್ಲಿ ಕೇಳಿದ್ದು ಎಂದು ಮಕ್ಕಳು ಭಾವಿಸಿರುತ್ತಾರೆ. ಹಳೆಯ ಮೈಸೂರಿನಲ್ಲಿ ಹಾಗಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದಿಸಿದ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ, ಕನ್ನಂಬಾಡಿಯ ನೀರು ಹರಿಸಿದ ರಾಜ್ಯವದು. ಬರಪೀಡಿತವಾದ, ಶಾಲೆ ರಸ್ತೆಗಳು ಕಡಿಮೆಯಿದ್ದ ಉತ್ತರದ ಜಿಲ್ಲೆಗಳು ಸೇರಿದರೆ ತಮ್ಮ ಬೊಕ್ಕಸ ಅಲ್ಲಿಗೆ ಹರಿದುಹೋಗುತ್ತದೆ ಎಂಬ ಆತಂಕ ಅಲ್ಲಿನ ಅನೇಕ ಶಾಸಕರಲ್ಲಿತ್ತು. ಯಾವ ಸಮುದಾಯದ ರಾಜಕೀಯ ಬಲ ಹೆಚ್ಚುತ್ತದೆ, ಯಾವುದರದು ಕುಗ್ಗುತ್ತದೆ ಎಂಬ ಲೆಕ್ಕಾಚಾರವೂ ಅದರೊಂದಿಗೆ ಬೆರೆತಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪ್ರದೇಶದ ಈ ವಿರೋಧವನ್ನು ಎದುರಿಸಿಯೇ ಏಕೀಕರಣದ ಪರ ನಿಂತರು.

ಯುರೋಪಿನ ಹಳೆಯ ಸದಸ್ಯರ ಅಂಜಿಕೆಯೂ ಇಂಥದೇ. 2004ರಲ್ಲಿ ಪೋಲೆಂಡ್ ಮೊದಲಾದ ದೇಶಗಳು ಸೇರುವಾಗ ಅಗ್ಗದ ಕೂಲಿಗೆ ಜನ ನುಗ್ಗಿ ಬರುತ್ತಾರೆಂದು ಅನೇಕ ದೇಶಗಳು ಹೆದರಿದವು. ಆದ್ದರಿಂದ ಹೊಸ ಸದಸ್ಯರ ಕೆಲಸಗಾರರನ್ನು ಗರಿಷ್ಠ ಏಳು ವರ್ಷ ತಡೆಹಿಡಿಯಲು ಹಳೆಯ ದೇಶಗಳಿಗೆ ಅವಕಾಶ ಕೊಡಲಾಯಿತು. ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಮಾತ್ರ ಮೊದಲ ದಿನದಿಂದಲೇ ಬಾಗಿಲು ತೆರೆದವು. ಹೊಸ ದೇಶಗಳ ರೈತರಿಗೆ ಒಕ್ಕೂಟದ ನೇರ ಸಹಾಯಧನ ಮೊದಲ ವರ್ಷ ಹಳೆಯ ಸದಸ್ಯರ ಮಟ್ಟದ 25 ಶೇಕಡಾದಷ್ಟೇ ಸಿಕ್ಕಿತು. ಅದನ್ನು ವರ್ಷ ವರ್ಷ ಏರಿಸುತ್ತ ಹೋದರು. ಇಂದು ಉಕ್ರೇನಿನ ವಿಷಯದಲ್ಲಿ ಮತ್ತೆ ರೈತರದೇ ಪ್ರಶ್ನೆ. 2023ರಲ್ಲಿ ಉಕ್ರೇನಿನ ಧಾನ್ಯ ಅಗ್ಗವಾಗಿ ಬಂದಾಗ ಪೋಲೆಂಡ್, ಹಂಗರಿ ಮತ್ತು ಸ್ಲೊವಾಕಿಯಾ ತಾವಾಗಿಯೇ ಆಮದು ನಿಲ್ಲಿಸಿದವು. ಯುದ್ಧದಲ್ಲಿ ಉಕ್ರೇನಿನ ಪರ ಗಟ್ಟಿಯಾಗಿ ನಿಂತಿದ್ದ ಪೋಲೆಂಡ್ ಕೂಡ ಅದರಲ್ಲಿತ್ತು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಹೊರದೇಶದ ಅಡಿಕೆ ಬಂದರೆ ನಮ್ಮ ಅಡಿಕೆಯ ಧಾರಣೆ ಏನಾಗುತ್ತದೆ ಎಂಬ ಮಾತು ದಿನವೂ ಕಿವಿಗೆ ಬೀಳುವ ಊರಿನ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಬಡ ಪ್ರದೇಶಗಳನ್ನು ಮೇಲೆತ್ತಲು ಒಕ್ಕೂಟದಲ್ಲಿ ಪ್ರತ್ಯೇಕ ನಿಧಿಗಳಿವೆ. ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ 75 ಶೇಕಡಾಕ್ಕಿಂತ ಕಡಿಮೆ ಇರುವ ಪ್ರದೇಶಗಳಿಗೆ ಅವುಗಳಲ್ಲಿ ಆದ್ಯತೆ. ನಮ್ಮಲ್ಲಿ ಇಂಥ ಅಳತೆಯ ಕೆಲಸ ಬಹಳ ತಡವಾಗಿ ನಡೆಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿದ್ದು 98ನೇ ತಿದ್ದುಪಡಿಯ ಬಳಿಕ, 2013ರಲ್ಲಿ. ಒಂದಾಗಿ ಐವತ್ತೇಳು ವರ್ಷಗಳಾಗಿದ್ದವು. ಉಳಿದ 13 ತಾಲ್ಲೂಕುಗಳು ದಕ್ಷಿಣದಲ್ಲೇ ಇದ್ದವು ಎಂಬುದನ್ನೂ ಬಿಡದೆ ಹೇಳಬೇಕು. ಇಲ್ಲವಾದರೆ ಮಕ್ಕಳು “ದಕ್ಷಿಣ ಶ್ರೀಮಂತ, ಉತ್ತರ ಬಡವ” ಎಂಬ ಸರಳ ಗೆರೆಯನ್ನೇ ಮನಸ್ಸಿನಲ್ಲಿ ಎಳೆದುಕೊಳ್ಳುತ್ತಾರೆ.

ಎರಡನೇ ತೊಡಕು: ಯಾರ ಕಾನೂನು?

ಯುರೋಪಿಯನ್ ಒಕ್ಕೂಟ ಸೇರುವ ದೇಶ ಒಕ್ಕೂಟದ ಇಡೀ ಕಾನೂನು ಸಂಗ್ರಹವನ್ನು ತನ್ನದಾಗಿಸಿಕೊಳ್ಳಬೇಕು. ಮಾತುಕತೆಗಾಗಿ ಅದನ್ನು 35 ಅಧ್ಯಾಯಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ಅಧ್ಯಾಯ ತೆರೆಯಲು, ಮುಚ್ಚಲು ಎಲ್ಲ ಸದಸ್ಯರ ಒಪ್ಪಿಗೆ ಬೇಕು. 1993ರಲ್ಲಿ ಕೋಪನ್‌ಹೇಗನ್ ಸಭೆ ನಿಗದಿಪಡಿಸಿದ ಅರ್ಹತೆಗಳು ಇದಕ್ಕೆ ಬುನಾದಿ: ಗಟ್ಟಿಯಾದ ಪ್ರಜಾಪ್ರಭುತ್ವ ಮತ್ತು ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ, ಸ್ಪರ್ಧೆ ತಾಳಿಕೊಳ್ಳಬಲ್ಲ ಮಾರುಕಟ್ಟೆ, ಸದಸ್ಯತ್ವದ ಹೊಣೆ ಹೊರುವ ಶಕ್ತಿ. ಹೊಸಬರನ್ನು ಜೀರ್ಣಿಸಿಕೊಳ್ಳುವ ಶಕ್ತಿ ಒಕ್ಕೂಟಕ್ಕೂ ಇರಬೇಕೆಂದು ಅದೇ ಸಭೆ ಹೇಳಿತು.

ಮೈಸೂರಿನಲ್ಲಿ ಕ್ರಮ ತಿರುಗುಮುರುಗು. ಮೊದಲು ಸೇರಿದರು, ಆಮೇಲೆ ಕಾನೂನು ಒಂದಾಯಿತು. 1956ರ ನವೆಂಬರ್ 1ರಂದು ಹೊಸ ರಾಜ್ಯದಲ್ಲಿ ಭೂಕಂದಾಯ, ಗೇಣಿ, ಪಂಚಾಯತಿ, ಶಿಕ್ಷಣ ಎಲ್ಲಕ್ಕೂ ಪ್ರದೇಶಕ್ಕೊಂದು ಕಾನೂನು ಇತ್ತು. 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ, ಅದೇ ವರ್ಷದ ಭೂಸುಧಾರಣಾ ಕಾಯಿದೆ, 1964ರ ಭೂಕಂದಾಯ ಕಾಯಿದೆ, ಹೀಗೆ ಒಂದೊಂದಾಗಿ ಸಮಾನ ಕಾನೂನು ಬಂತು. ನೌಕರರದು ಇನ್ನೊಂದು ಕಗ್ಗಂಟು. ಐದು ಕಡೆಯ ಗುಮಾಸ್ತರು, ಅಧಿಕಾರಿಗಳು, ಶಿಕ್ಷಕರು ಒಂದೇ ಸೇವೆಗೆ ಬಂದಾಗ ಯಾರು ಹಿರಿಯರು ಎಂಬ ಪಟ್ಟಿಯ ವಿವಾದ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆಯಿತು.

ಈ ಅಂಶಕ್ಕೆ ನಮ್ಮ ಜಿಲ್ಲೆಯಲ್ಲಿ ಕುಮ್ಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕದೀಂ ವರ್ಗ ಜಮೀನಿನ ಅಂಚಿನಿಂದ 450 ಲಿಂಕ್, ಅಂದರೆ ಸುಮಾರು 90 ಮೀಟರ್ ವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಸವಲತ್ತು ವರ್ಗದಾರನಿಗೆ ಇದೆ. ಇದು ಮದರಾಸು ಆಡಳಿತದ ಕಾಲದಿಂದ ಬಂದದ್ದು. ಹಳೆಯ ಮೈಸೂರಿನ ರೈತನಿಗೆ ಈ ಪದವೇ ಹೊಸದು. ಸೊಪ್ಪಿಲ್ಲದೆ ಅಡಿಕೆ ತೋಟಕ್ಕೆ ಗೊಬ್ಬರವಿಲ್ಲ. ಆದ್ದರಿಂದ 1964ರ ಕಾಯಿದೆ ಬರೆಯುವಾಗ ಅದರ 79ನೇ ಸೆಕ್ಷನ್ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಜಮ್ಮಾ, ಬಾಣೆ ಮುಂತಾದ ಸವಲತ್ತುಗಳನ್ನು ಹಾಗೆಯೇ ಉಳಿಸಿತು. ಎಲ್ಲವನ್ನೂ ಒಂದೇ ಅಚ್ಚಿಗೆ ಹೊಯ್ಯದೆ, ಸೇರಿದವರ ಬದುಕಿಗೆ ಆಧಾರವಾದದ್ದನ್ನು ಉಳಿಸಿಕೊಡುವುದು ವಿಸ್ತರಣೆಯ ಒಂದು ಜಾಣ್ಮೆ. ಯುರೋಪಿನ ಸೇರ್ಪಡೆ ಒಪ್ಪಂದಗಳಲ್ಲಿ ಬರುವ ವಿನಾಯಿತಿ, ಕಾಲಾವಕಾಶಗಳ ಅರ್ಥ ಮಕ್ಕಳಿಗೆ ಕುಮ್ಕಿಯ ಮೂಲಕ ಬೇಗ ತಿಳಿಯುತ್ತದೆ.

ಮೂರನೇ ತೊಡಕು: ನಿರ್ಧಾರ ಯಾರದು? ಹೆಸರು ಯಾರದು?

ಯುರೋಪಿನಲ್ಲಿ ಹೊಸ ಸದಸ್ಯನನ್ನು ಸೇರಿಸಲು ಇರುವ ಎಲ್ಲ ಸದಸ್ಯರೂ ಒಪ್ಪಬೇಕು. ಒಬ್ಬ ಬೇಡವೆಂದರೆ ಅಲ್ಲಿಗೆ ನಿಂತಿತು. ಬ್ರಿಟನ್ನಿನ ಪ್ರವೇಶವನ್ನು ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ 1963 ಮತ್ತು 1967ರಲ್ಲಿ ಎರಡು ಬಾರಿ ತಡೆದರು. ಟರ್ಕಿ 1987ರಲ್ಲಿ ಅರ್ಜಿ ಹಾಕಿತು, 2005ರಲ್ಲಿ ಮಾತುಕತೆ ಶುರುವಾಯಿತು, ಇನ್ನೂ ಅದು ಹೊರಗೇ ಇದೆ. ಮ್ಯಾಸಿಡೋನಿಯಾ 2004ರಲ್ಲಿ ಅರ್ಜಿ ಹಾಕಿತು. ಆ ಹೆಸರು ತನ್ನ ಚರಿತ್ರೆಗೆ ಸೇರಿದ್ದೆಂದು ಗ್ರೀಸ್ ತಕರಾರು ತೆಗೆಯಿತು. 2019ರಲ್ಲಿ ದೇಶ ತನ್ನ ಹೆಸರನ್ನು ಉತ್ತರ ಮ್ಯಾಸಿಡೋನಿಯಾ ಎಂದು ಬದಲಾಯಿಸಿಕೊಂಡಿತು. ಆದರೂ 2020ರಲ್ಲಿ ಭಾಷೆ ಮತ್ತು ಇತಿಹಾಸದ ಕಾರಣ ಮುಂದಿಟ್ಟು ಬಲ್ಗೇರಿಯಾ ಅಡ್ಡ ನಿಂತಿತು. ಮಾತುಕತೆ ಆರಂಭವಾದದ್ದು 2022ರಲ್ಲಿ.

ಹೆಸರಿಗಾಗಿ ಇಷ್ಟು ರಂಪವೇ ಎಂದು ಮಕ್ಕಳು ನಗಬಹುದು. ಆಗ ನಮ್ಮ ರಾಜ್ಯದ ಹೆಸರನ್ನು ಕೇಳಬೇಕು. ಬೀದರಿನವರೂ ಬಂಟ್ವಾಳದವರೂ 1956ರ ಬಳಿಕ ಹದಿನೇಳು ವರ್ಷ “ಮೈಸೂರು ರಾಜ್ಯ”ದವರೇ ಆಗಿದ್ದರು. ಹಳೆಯ ಮೈಸೂರಿನವರಿಗೆ ಆ ಹೆಸರು ಅಭಿಮಾನ. ಹೊಸದಾಗಿ ಬಂದವರಿಗೆ ತಾವು ಇನ್ನೊಬ್ಬರ ಮನೆಗೆ ಬಂದ ನೆಂಟರೆಂಬ ಭಾವನೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು.

ನಮಗೂ ಯುರೋಪಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿ ಇಲ್ಲಿಯೇ ಹೇಳಬೇಕು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವುದು ಸಂಸತ್ತಿನ ಅಧಿಕಾರ. ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಮೈಸೂರು ಬೇಡವೆಂದಿದ್ದರೂ ವಿಸ್ತರಣೆ ಆಗಬಹುದಾಗಿತ್ತು. ಕೊಡಗಿನಲ್ಲಿ ಬೇರೆಯೇ ಉಳಿಯಬೇಕೆಂಬ ದನಿ ಇತ್ತು. ಅಲ್ಲಿ ಜನಮತಗಣನೆ ನಡೆಯಲಿಲ್ಲ. ನಾರ್ವೆಯ ಜನ 1972 ಮತ್ತು 1994ರಲ್ಲಿ ಮತ ಹಾಕಿ ಯುರೋಪಿನ ಕೂಟವನ್ನು ನಿರಾಕರಿಸಿದರು. ಬ್ರಿಟನ್ ಸೇರಿ, ಮತ್ತೆ ಮತ ಹಾಕಿ ಹೊರಬಂತು. ನಮ್ಮ ರಾಜ್ಯಗಳಿಗೆ ಇಂಥ ಬಾಗಿಲಿಲ್ಲ. ಅಲ್ಲಿ ಸ್ವತಂತ್ರ ದೇಶಗಳು, ಇಲ್ಲಿ ಒಂದೇ ದೇಶದ ರಾಜ್ಯಗಳು. ಎಲ್ಲರ ಒಪ್ಪಿಗೆ ಕಾಯುವ ದಾರಿ ನಿಧಾನ. ಮೇಲಿನಿಂದ ನಿರ್ಧರಿಸುವ ದಾರಿ ಬೇಗ ಮುಗಿಯುತ್ತದೆ, ಆದರೆ ಕೇಳಿಸಿಕೊಳ್ಳದವರ ಅಸಮಾಧಾನ ಉಳಿದುಬಿಡುತ್ತದೆ.

ನಾಲ್ಕನೇ ತೊಡಕು: ಗೆರೆ ಎಲ್ಲಿ?

ವಿಟ್ಲದಿಂದ ಅಡ್ಯನಡ್ಕ, ಸಾರಡ್ಕ ದಾಟಿದರೆ ಪೆರ್ಲ, ಅದು ಕೇರಳ. ಮಾತು, ತೋಟ, ನಂಟಸ್ತಿಕೆ ಯಾವುದೂ ಸಾರಡ್ಕದಲ್ಲಿ ನಿಲ್ಲುವುದಿಲ್ಲ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕಾಸರಗೋಡು ತಾಲ್ಲೂಕನ್ನು ಒಂದೇ ಘಟಕವಾಗಿ ನೋಡಿತು. ಹಾಗೆ ನೋಡಿದಾಗ ಮಲಯಾಳ ಮಾತಾಡುವವರ ಸಂಖ್ಯೆ ಹೆಚ್ಚು. ತಾಲ್ಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನಾದರೂ ಬೇರೆಯಾಗಿ ಪರಿಗಣಿಸಬೇಕೆಂದು ಅಲ್ಲಿನ ಕನ್ನಡಿಗರು ಕೇಳಿದರು. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥ ಹಿರಿಯರು ಜೀವನವಿಡೀ ಅದಕ್ಕಾಗಿ ದುಡಿದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮರುವರ್ಷ ಶಿಫಾರಸು ಮಾಡಿತು. ಬೆಳಗಾವಿ ಕಡೆಯಲ್ಲಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ಮೈಸೂರಿಗೂ ಕೊಡಬೇಕೆಂದಿತು. ವರದಿ ಜಾರಿಯಾಗಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಲೆಕ್ಕದ ಘಟಕ ಯಾವುದೆಂಬುದರ ಮೇಲೆ ಉತ್ತರವೇ ಬದಲಾಗುತ್ತದೆ ಎಂಬುದು ಮಕ್ಕಳಿಗೆ ದಾಟಿಸಬೇಕಾದ ಸೂಕ್ಷ್ಮ. ತಾಲ್ಲೂಕು ಹಿಡಿದರೆ ಒಂದು ಗೆರೆ, ಹೊಳೆ ಹಿಡಿದರೆ ಇನ್ನೊಂದು, ಗ್ರಾಮ ಹಿಡಿದರೆ ಮತ್ತೊಂದು. ಯಾವ ಗೆರೆ ಎಳೆದರೂ ಎರಡೂ ಕಡೆ ಅಲ್ಪಸಂಖ್ಯಾತರು ಉಳಿಯುತ್ತಾರೆ. ಇದನ್ನು ಅರಿತೇ 1956ರ ಏಳನೇ ತಿದ್ದುಪಡಿ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವುದು ಒಂದು, ಅವರ ಹಿತ ನೋಡಲು ವಿಶೇಷಾಧಿಕಾರಿಯ ನೇಮಕ ಇನ್ನೊಂದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಪ್ರಶ್ನೆ ಈ ವಿಧಿಗಳಿಗೆ ನೇರವಾಗಿ ಸಂಬಂಧಿಸಿದ್ದು. ನಾಳೆ ಶಿಕ್ಷಕರಾಗುವವರು ಇವನ್ನು ತಿಳಿದಿರಲೇಬೇಕು.

ಗಡಿ ದಾಟಿದ ಮಾರುಕಟ್ಟೆ

ಗೆರೆ ಅಳಿಸದೆಯೂ ಅದರ ನೋವು ಕಡಿಮೆ ಮಾಡಬಹುದೆಂಬುದಕ್ಕೆ ಒಳ್ಳೆಯ ನಿದರ್ಶನ ನಮ್ಮಲ್ಲೇ ಇದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು. ಅದು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರದು. ವಿಟ್ಲದಲ್ಲಿ 1956ರಲ್ಲೇ ಸ್ಥಾಪನೆಯಾದ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ 1970ರಿಂದ ಕಾಸರಗೋಡಿನಲ್ಲಿ ಮುಖ್ಯ ಕಚೇರಿ ಇರುವ ಸಿಪಿಸಿಆರ್‌ಐ ಸಂಸ್ಥೆಯ ಭಾಗ. ಆರು ದೇಶಗಳನ್ನು ಮೊದಲು ಹತ್ತಿರ ತಂದದ್ದು ಕಲ್ಲಿದ್ದಲು ಮತ್ತು ಉಕ್ಕು. ಇಲ್ಲಿ ಎರಡು ರಾಜ್ಯಗಳ ರೈತರನ್ನು ಒಂದೇ ಮೇಜಿಗೆ ತಂದದ್ದು ಅಡಿಕೆ. ಇಂಥ ನಂಟು ಎಷ್ಟು ಬೇಗ ಕಡಿಯಬಹುದೆಂಬುದೂ ತಿಳಿದಿರಲಿ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ನಮ್ಮ ಗಡಿರಸ್ತೆಗಳು ಮುಚ್ಚಿದವು. ಅದೇ ತಿಂಗಳು ಯುರೋಪಿನ ಅನೇಕ ದೇಶಗಳೂ ತಮ್ಮ ಒಳಗಡಿಗಳಲ್ಲಿ ತಪಾಸಣೆ ಮತ್ತೆ ಶುರುಮಾಡಿದ್ದವು.

ತರಗತಿಯಲ್ಲಿ: 40 ನಿಮಿಷದ ಪಾಠಕ್ಕೆ ಸೂಚನೆಗಳು

1. ಪೂರ್ವಜ್ಞಾನ (5 ನಿಮಿಷ): “1955ರಲ್ಲಿ ವಿಟ್ಲ ಯಾವ ರಾಜ್ಯದಲ್ಲಿತ್ತು?” ಎಂದು ಕೇಳಿ. ಬಹುತೇಕರು ಮೈಸೂರು ಎನ್ನುತ್ತಾರೆ. ಮದರಾಸು ಎಂಬ ಉತ್ತರ ಅಲ್ಲಿಂದ ಮುಂದಿನ ಕುತೂಹಲಕ್ಕೆ ಸಾಕು.

2. ನಕ್ಷೆ (7 ನಿಮಿಷ): 1956ರ ಮೊದಲಿನ ಮತ್ತು ಅನಂತರದ ಕರ್ನಾಟಕದ ನಕ್ಷೆ, ಅದರ ಪಕ್ಕದಲ್ಲಿ ಯುರೋಪಿನ ನಕ್ಷೆ. ಸೇರಿದ ವರ್ಷಕ್ಕೊಂದು ಬಣ್ಣ ಸಾಕು. ಎಲ್ಲ ದೇಶಗಳ ಹೆಸರು ಬರೆಸುವುದು ಬೇಡ.

3. ಗುಂಪು ಚಟುವಟಿಕೆ (15 ನಿಮಿಷ): ತರಗತಿಯನ್ನು ಮೂರು ಗುಂಪು ಮಾಡಿ: ಹಳೆಯ ಸದಸ್ಯರು, ಹೊಸದಾಗಿ ಸೇರುವವರು, ಗೆರೆಯಾಚೆ ಉಳಿದವರು. ಪ್ರತಿ ಗುಂಪು ತನ್ನ ಒಂದು ಆಸೆ, ಒಂದು ಅಂಜಿಕೆ, ಒಂದು ಷರತ್ತು ಬರೆಯಲಿ.

4. ಜೋಡಣೆ (8 ನಿಮಿಷ): ಕಪ್ಪುಹಲಗೆಯಲ್ಲಿ ಖರ್ಚು, ಕಾನೂನು, ಅಧಿಕಾರ, ಗಡಿ ಎಂಬ ನಾಲ್ಕು ಸಾಲು, ಕರ್ನಾಟಕ, ಯುರೋಪ್ ಎಂಬ ಎರಡು ಕಂಬ. ಗುಂಪುಗಳ ಮಾತನ್ನು ಆಯಾ ಚೌಕಕ್ಕೆ ಮಕ್ಕಳಿಂದಲೇ ಸೇರಿಸಿ. ಎರಡು ಕಂಬ ಹೊಂದದ ಜಾಗವನ್ನು, ಮುಖ್ಯವಾಗಿ 3ನೇ ವಿಧಿಯನ್ನು, ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ.

5. ಮೌಲ್ಯಮಾಪನ (5 ನಿಮಿಷ): “ಉಕ್ರೇನ್ ಸೇರಬೇಕೆಂದು ಪೋಲೆಂಡಿನ ಸರಕಾರ ಬಯಸಿದರೂ ಅಲ್ಲಿನ ರೈತ ಹಿಂಜರಿಯುವುದೇಕೆ?” ಎಂಬ ಪ್ರಶ್ನೆಗೆ ಮೂರು ವಾಕ್ಯದಲ್ಲಿ ಉತ್ತರ. ಮನೆಗೆಲಸವಾಗಿ, ಮನೆಯ ಹಿರಿಯರಲ್ಲಿ ಕುಮ್ಕಿ ಅಥವಾ ಗಡಿಯಾಚೆಯ ನೆಂಟರ ಬಗ್ಗೆ ಕೇಳಿ ಐದು ಸಾಲು ಬರೆದು ತರುವುದು.

ಮಾರ್ಗದರ್ಶಿ ಉಪನ್ಯಾಸಕರು ಪಾಠ ವೀಕ್ಷಿಸುವಾಗ ಎರಡು ಸಂಗತಿ ಗಮನಿಸಬೇಕು. ಗಡಿಯ ಶಾಲೆಗಳಲ್ಲಿ ಮಲಯಾಳ ಮನೆಮಾತಿನ ಮಕ್ಕಳೂ ಕುಳಿತಿರುತ್ತಾರೆ. ಕಾಸರಗೋಡಿನ ಚರ್ಚೆ ನೆರೆಯವರ ಮೇಲಿನ ದೂರಾಗಿ ತಿರುಗಿದರೆ ಆ ಮಗು ತಲೆ ತಗ್ಗಿಸಬೇಕಾಗುತ್ತದೆ. ಪ್ರಶಿಕ್ಷಣಾರ್ಥಿ ಆಗ “ಯಾರು ಸರಿ?” ಎಂಬುದನ್ನು ಬಿಟ್ಟು “ಯಾವ ಘಟಕದಲ್ಲಿ ಎಣಿಸಿದರು?” ಎಂಬ ಪ್ರಶ್ನೆಗೆ ತರಗತಿಯನ್ನು ತರಬೇಕು. ಎರಡನೆಯದಾಗಿ, ಹೋಲಿಕೆಯ ಉತ್ಸಾಹದಲ್ಲಿ ಕರ್ನಾಟಕವೂ ಯುರೋಪಿನ ಹಾಗೆ ಒಪ್ಪಂದದಿಂದ ಆದದ್ದೆಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಉಳಿಯಬಾರದು.

ಸದಸ್ಯ ರಾಷ್ಟ್ರಗಳ ಸಂಖ್ಯೆ ಇಂದು 27. ಈ ಮಕ್ಕಳು ಮತದಾರರಾಗುವ ಹೊತ್ತಿಗೆ ಅದು ಬದಲಾಗಿರಬಹುದು. ಆಗ ಪತ್ರಿಕೆಯಲ್ಲಿ ಆ ಸುದ್ದಿ ಓದುವವರು ಖರ್ಚು ಯಾರದು, ಕಾನೂನು ಯಾರದು, ಒಪ್ಪಿಗೆ ಯಾರದು, ಗೆರೆಯಾಚೆ ಯಾರು ಉಳಿದರು ಎಂಬ ನಾಲ್ಕು ಪ್ರಶ್ನೆಗಳನ್ನು ತಾವೇ ಕೇಳಿಕೊಂಡರೆ ಈ ಪಾಠದ ಉದ್ದೇಶ ಈಡೇರಿದಂತೆ.